ಮೊದಲ ಕಾರು, ಮೊದಲ ಪಾಲಿಸಿ

ಹೊಸ ಕಾರಿನ ಮಾತು ಎದ್ದ ಮನೆಯಲ್ಲಿ ಬಣ್ಣ ಯಾವುದು, ಮೈಲೇಜ್ ಎಷ್ಟು, ಸನ್‌ರೂಫ್ ಬೇಕೋ ಬೇಡವೋ, ಆಯುಧಪೂಜೆಯೊಳಗೆ ಡೆಲಿವರಿ ಸಿಗುತ್ತದೋ ಇಲ್ಲವೋ ಅಂತ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಇನ್ಶೂರೆನ್ಸ್ ಮಾತ್ರ ಕೊಟೇಶನ್ ಹಾಳೆಯ ಒಂದು ಸಾಲು. ಎಕ್ಸ್ ಶೋರೂಮ್ ಬೆಲೆ, ಲೈಫ್ ಟ್ಯಾಕ್ಸ್, ಫಾಸ್ಟ್ಯಾಗ್, ಇವುಗಳ ನಡುವೆ ಅದೂ ಒಂದು. ಕೂಡಿಸುತ್ತಾರೆ, ಲೋನ್ ಎಷ್ಟು, ಇಎಂಐ ಎಷ್ಟು ಅಂತ ಮುಂದಕ್ಕೆ ಹೋಗುತ್ತಾರೆ. ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲೇ ತಲೆ ನರೆತು ನಿವೃತ್ತನಾದ ನನಗೆ ಆ ಸಾಲನ್ನು ಹಾಗೆ ದಾಟಿ ಹೋಗಲು ಮನಸ್ಸು ಬರುವುದಿಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಈಗ ಮೊದಲ ಕಾರು ತೆಗೆದುಕೊಳ್ಳುತ್ತಿದ್ದಾಳೆ. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆಯಿತು, ಹೆಬ್ಬಾಳದ ಕಡೆ ಆಫೀಸು, ಇಷ್ಟು ದಿನ ಸ್ಕೂಟರಿನಲ್ಲೇ ಓಡಾಟ. ಭಾನುವಾರ ಬೆಳಿಗ್ಗೆ ಕೊಟೇಶನ್ ಹಿಡಿದುಕೊಂಡು ಕಾಂಪೌಂಡ್ ಹತ್ತಿರ ಬಂದಳು.

"ಅಂಕಲ್, ಇನ್ಶೂರೆನ್ಸಿಗೇ ನಲವತ್ತು ಸಾವಿರದ ಮೇಲೆ ಹಾಕಿದಾರೆ. ಇದರಲ್ಲಿ ಯಾವುದು ಬೇಡ ಹೇಳಿ, ಹೊಡೆದುಹಾಕಿಬಿಡ್ತೀನಿ."

"ಹೊಡೆದುಹಾಕೋದು ಆಮೇಲೆ. ಮೊದಲು ಇದರಲ್ಲಿ ಯಾವ ದುಡ್ಡು ನಿನ್ನ ಕಾರಿಗೆ, ಯಾವ ದುಡ್ಡು ನಿನ್ನ ಕಾರಿನ ಎದುರಿಗೆ ಬರೋರಿಗೆ, ಅದನ್ನ ಬೇರೆ ಮಾಡೋಣ ಬಾ" ಅಂದೆ.

ಹೊಸ ಕಾರಿನ ಪಾಲಿಸಿ ಅಂದರೆ ಎರಡು ಪಾಲಿಸಿಗಳನ್ನು ಒಟ್ಟಿಗೆ ಕಟ್ಟಿದ ಗಂಟು. ಒಂದು ಓನ್ ಡ್ಯಾಮೇಜ್: ನಮ್ಮ ಕಾರಿಗೆ ಏಟು ಬಿದ್ದರೆ, ಕಳುವಾದರೆ, ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಮರ ಉರುಳಿದರೆ. ಇದು ಕಾನೂನಿನ ಒತ್ತಾಯವಲ್ಲ. ಇನ್ನೊಂದು ಥರ್ಡ್ ಪಾರ್ಟಿ: ನಮ್ಮ ಕಾರಿನಿಂದ ಬೇರೆಯವರಿಗೆ ಸಾವು, ಗಾಯ, ನಷ್ಟ ಆದರೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಇದಿಲ್ಲದೆ ವಾಹನ ರಸ್ತೆಗೆ ಇಳಿಯುವ ಹಾಗೇ ಇಲ್ಲ. ಜನ ಇದನ್ನು ಪೊಲೀಸರಿಗೆ ತೋರಿಸುವ ಕಾಗದ ಅಂದುಕೊಂಡಿದ್ದಾರೆ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಜೈಲಿನವರೆಗೆ ಹೋಗುವವರು ಅಪರೂಪವಾದ್ದರಿಂದ ದಂಡ ಕಟ್ಟಿದರೆ ಮುಗಿಯಿತು ಅನ್ನುವ ಧೈರ್ಯ.

ಮೊದಲು ಇವೆರಡನ್ನೂ ವರ್ಷ ವರ್ಷ ಮಾಡಿಸಬೇಕಿತ್ತು. ಶೋರೂಮಿನಿಂದ ಬರುವಾಗ ಒಂದು ಸಲ ಮಾಡಿಸಿ ಮರುವರ್ಷದಿಂದ ಮರೆತವರೇ ಹೆಚ್ಚು, ಸ್ಕೂಟರ್ ಬೈಕುಗಳಲ್ಲಂತೂ ಕೇಳುವುದೇ ಬೇಡ. ಅದಕ್ಕೇ ಸುಪ್ರೀಂ ಕೋರ್ಟ್ 2018ರಲ್ಲಿ ಹೊಸ ಕಾರಿಗೆ ಮೂರು ವರ್ಷದ, ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳಬೇಕೆಂದು ಆದೇಶ ಕೊಟ್ಟಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂತು. ಈ ದರದಲ್ಲಿ ಶೋರೂಮಿನವರಾಗಲಿ ಏಜೆಂಟರಾಗಲಿ ಒಂದು ರೂಪಾಯಿ ಆಚೀಚೆ ಮಾಡುವಂತಿಲ್ಲ, ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಬಂದ ಪಟ್ಟಿಯ ಪ್ರಕಾರ ಹೊಸ ಕಾರಿಗೆ ಮೂರು ವರ್ಷಕ್ಕೆ ಸೇರಿ 1000 ಸಿಸಿವರೆಗೆ 6,521 ರೂಪಾಯಿ, 1500 ಸಿಸಿವರೆಗೆ 10,640, ಅದರ ಮೇಲೆ 24,596. ಎಲೆಕ್ಟ್ರಿಕ್ ಕಾರಿಗೆ ಶೇಕಡಾ 15 ರಿಯಾಯಿತಿ. ಹುಡುಗಿ ನೋಡಿರುವ ಕಾರು ಮಧ್ಯದ ಗುಂಪಿನದು. ಶೇಕಡಾ 18ರ ಜಿಎಸ್‌ಟಿ ಸೇರಿಸಿ ಮೂರು ವರ್ಷಕ್ಕೆ ಹಂಚಿದರೆ ದಿನಕ್ಕೆ ಹನ್ನೊಂದೂವರೆ ರೂಪಾಯಿ.

"ಮೂರು ವರ್ಷಕ್ಕೆ ಕಟ್ಟಿದೀನಿ ಅಂದ್ರೆ ಮೂರು ವರ್ಷ ನಿಶ್ಚಿಂತೆ ಅಲ್ವಾ?" ಅಂದಳು.

ಹೊಸ ಕಾರಿನವರು ಎಡವುವುದೇ ಇಲ್ಲಿ. ಮೂರು ವರ್ಷ ನಡೆಯುವುದು ಥರ್ಡ್ ಪಾರ್ಟಿ ಮಾತ್ರ. ಓನ್ ಡ್ಯಾಮೇಜ್ ವರ್ಷಕ್ಕೇ ಮುಗಿಯುತ್ತದೆ. ಎರಡನೇ ವರ್ಷ ಕಾರು ಜಖಂ ಮಾಡಿಕೊಂಡು, ಪಾಲಿಸಿ ಕಾಗದದಲ್ಲಿ ಮೂರು ವರ್ಷ ಅಂತ ಇದೆಯಲ್ಲ ಎಂದು ಗ್ಯಾರೇಜಿನಿಂದ ಫೋನ್ ಮಾಡಿದ ಎಷ್ಟೋ ಹುಡುಗರಿಗೆ ನಾನೇ ಉತ್ತರ ಹೇಳಿದ್ದೇನೆ.

ಆ ಹನ್ನೊಂದೂವರೆ ರೂಪಾಯಿ ಏನು ಮಾಡುತ್ತದೆ ಅನ್ನುವುದನ್ನು ಹುಡುಗಿಗೆ ಬಿಡಿಸಿ ಹೇಳಿದೆ. ಅಪಘಾತ ಪರಿಹಾರದ ಪ್ರಕರಣಗಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತವೆ. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ, ಜಿಲ್ಲೆಗಳಲ್ಲಿ ಜಿಲ್ಲಾ ಕೋರ್ಟುಗಳ ಆವರಣದಲ್ಲಿ ನಡೆಯುತ್ತವೆ. ಕಂಪನಿಯ ಫೈಲು ಹಿಡಿದು ಆ ವರಾಂಡಗಳಲ್ಲಿ ಕುಳಿತಾಗ ಎದುರು ಬೆಂಚಿನಲ್ಲಿ ಕಾಣುತ್ತಿದ್ದವರು ಬಹುತೇಕ ಹೆಂಗಸರು. ತೊಡೆಯ ಮೇಲೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರಲ್ಲಿ ಎಫ್‌ಐಆರ್ ಪ್ರತಿ, ಪೋಸ್ಟ್‌ಮಾರ್ಟಂ ವರದಿ, ರೇಷನ್ ಕಾರ್ಡು, ಮಕ್ಕಳ ಶಾಲೆಯ ಪತ್ರ. ಗಂಡನ ಸಂಪಾದನೆ ಎಷ್ಟಿತ್ತು ಅನ್ನುವುದಕ್ಕೆ ಪುರಾವೆ ಕೊಡಿ ಅಂದರೆ ಮೇಸ್ತ್ರಿ ಪೆನ್ಸಿಲಿನಲ್ಲಿ ಲೆಕ್ಕ ಬರೆದಿಟ್ಟ ಒಂದು ಸಣ್ಣ ಪುಸ್ತಕ. ಅದೂ ಇಲ್ಲದವರಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿ ನೋಡಿ ಇಂತಿಷ್ಟು ಆದಾಯ ಅಂತ ಹಿಡಿಯುತ್ತಾರೆ.

ಲೆಕ್ಕ ಹೀಗೆ. ಇಪ್ಪತ್ತೆಂಟು ವರ್ಷದ ಒಬ್ಬ ಗಾರೆ ಕೆಲಸದವನು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 15,000 ರೂಪಾಯಿ. ಹೆಂಡತಿ, ಇಬ್ಬರು ಮಕ್ಕಳು, ಅಪ್ಪ, ಅಮ್ಮ. ವರ್ಷಕ್ಕೆ 1,80,000 ಆಯಿತು. ವಯಸ್ಸು ನಲವತ್ತರ ಕೆಳಗಿರುವುದರಿಂದ ಮುಂದೆ ಬೆಳೆಯಬಹುದಾಗಿದ್ದ ಆದಾಯಕ್ಕೆ ಶೇಕಡಾ 40 ಸೇರಿಸಬೇಕು ಅಂತ 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿಗೆ 2,52,000. ಐದು ಜನ ಅವನನ್ನು ನಂಬಿಕೊಂಡಿದ್ದರಿಂದ ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯುತ್ತಾರೆ, 1,89,000 ಉಳಿಯುತ್ತದೆ. 26ರಿಂದ 30ರವರೆಗಿನ ವಯಸ್ಸಿನವರಿಗೆ ಅದನ್ನು 17ರಿಂದ ಗುಣಿಸಬೇಕು ಅಂತ 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕ ಹೇಳುತ್ತದೆ. ಮೊತ್ತ 32,13,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಹೆಂಡತಿ ಮಕ್ಕಳಿಗೆ ಆದ ಅಗಲಿಕೆಯ ಪರಿಹಾರ, ಬಡ್ಡಿ ಎಲ್ಲ ಇದರ ಮೇಲೆ.

"ಈ ಮೂವತ್ತೆರಡು ಲಕ್ಷ ಯಾರು ಕೊಡಬೇಕು ಹೇಳು? ತಪ್ಪು ಗಾಡಿಯದಾದರೆ ಗಾಡಿ ಓಡಿಸಿದವರು, ಗಾಡಿಯ ಮಾಲೀಕರು. ನಿನ್ನ ಪಾಲಿಸಿ ಜೀವಂತವಾಗಿದ್ದರೆ ನಿನ್ನ ಪರವಾಗಿ ಕಂಪನಿ ಕೊಡುತ್ತೆ. ಸಾವು, ಗಾಯಕ್ಕೆ ಇಷ್ಟೇ ಅನ್ನೋ ಮಿತಿ ಇಲ್ಲ. ಬೇರೆಯವರ ಗೋಡೆ, ಅಂಗಡಿ, ಗಾಡಿ ಹಾಳು ಮಾಡಿದರೆ ಏಳೂವರೆ ಲಕ್ಷದವರೆಗೆ. ಪಾಲಿಸಿ ಇಲ್ಲ ಅಂದರೆ ನಿನ್ನ ಸಂಬಳಕ್ಕೆ, ಮನೆಗೆ ಬರುತ್ತೆ. ಅಲ್ಲೂ ಏನೂ ಸಿಗದೆ ಹೋದರೆ ಆ ಹೆಂಗಸು ಬರಿಗೈಲಿ ಮನೆಗೆ ಹೋಗಬೇಕು."

ಹುಡುಗಿ ಕೊಟೇಶನ್ ಹಾಳೆಯನ್ನು ತಿರುಗಿಸಿ ಇನ್ನೊಂದು ಸಲ ನೋಡಿದಳು. ಆಮೇಲೆ ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. "ಪಾಲಿಸಿ ಇದ್ದೂ ಕಂಪನಿ ಇಲ್ಲ ಅನ್ನಬಹುದಾ?"

ಅನ್ನಬಹುದು. ಹುಡುಗರ ವಿಷಯದಲ್ಲಿ ಅದರ ಮುಖ್ಯ ಕಾರಣ ಲೈಸೆನ್ಸು. ಖಾಸಗಿ ಕಾರಿನ ಪಾಲಿಸಿ ಮಾಲೀಕರೇ ಓಡಿಸಬೇಕು ಅನ್ನುವುದಿಲ್ಲ. ಅವರ ಒಪ್ಪಿಗೆ ಪಡೆದು, ಸರಿಯಾದ ಲೈಸೆನ್ಸ್ ಇರುವ ಯಾರು ಓಡಿಸಿದರೂ ನಡೆಯುತ್ತದೆ. ಆದರೆ ಹದಿನೆಂಟಕ್ಕೆ ಗೇರ್ ಬೈಕಿಗೆ ತೆಗೆಸಿದ ಲೈಸೆನ್ಸಿನಲ್ಲಿ ಕಾರು ಓಡಿಸುವ ಹಾಗಿಲ್ಲ, ಕಾರ್ಡಿನಲ್ಲಿ ಎಲ್‌ಎಂವಿ ಅಂತ ಇರಬೇಕು. ಎಲ್‌ಎಲ್ ಮಾತ್ರ ಇದ್ದರೆ ಎಲ್ ಬೋರ್ಡು ಹಾಕಿರಬೇಕು, ಕಾರನ್ನು ಹತೋಟಿಗೆ ತರಬಲ್ಲ ಲೈಸೆನ್ಸುದಾರರು ಪಕ್ಕದಲ್ಲಿ ಕುಳಿತಿರಬೇಕು. ಗೆಳೆಯರ ಗುಂಪಿನಲ್ಲಿ "ನಾನೂ ಒಂದು ರೌಂಡ್ ಹೊಡೀತೀನಿ ಕೀ ಕೊಡೋ" ಅಂತ ಕೇಳುತ್ತಾರಲ್ಲ, ಆಗ ಯಾರೂ ಕಾರ್ಡು ತೆಗೆದು ನೋಡುವುದಿಲ್ಲ. ಹಾಗೆ ಓಡಿಸಿ ಯಾರಿಗಾದರೂ ಹೊಡೆದರೆ ಸಾಮಾನ್ಯವಾಗಿ ಕೋರ್ಟು ಕಂಪನಿಗೆ ಹೇಳುವುದು, ಮೊದಲು ನೊಂದವರಿಗೆ ನೀನು ಕೊಡು, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೋ ಅಂತ. 2004ರಲ್ಲಿ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ದಾರಿಯನ್ನು ಗಟ್ಟಿ ಮಾಡಿತು. ನ್ಯಾಯವಾದ ದಾರಿ ಅದು, ಗಂಡನನ್ನು ಕಳೆದುಕೊಂಡವಳಿಗೆ ಯಾರದೋ ಲೈಸೆನ್ಸಿನ ತಕರಾರು ಕಟ್ಟಿಕೊಂಡು ಏನಾಗಬೇಕು? ಆದರೆ ಕೀ ಕೊಟ್ಟವರ ಮನೆಗೆ ಕಂಪನಿಯ ವಸೂಲಿ ಅರ್ಜಿ ಬಂದಾಗ ಆ ಮನೆಯವರ ಮುಖ ನೋಡಲಾಗುತ್ತಿರಲಿಲ್ಲ.

ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಬಿಡುವುದೂ ಇದೇ ಜಾತಿಯ ತಪ್ಪು. ಇಎಂಐಗೆ ಆಗುತ್ತದೆ ಅಂತ ಶನಿವಾರ, ಭಾನುವಾರ ಟ್ರಿಪ್ಪಿಗೆ ಕೊಡುವ ಹುಡುಗರಿದ್ದಾರೆ. ಖಾಸಗಿ ಅಂತ ಪ್ರೀಮಿಯಂ ಕಟ್ಟಿ ಬಾಡಿಗೆಗೆ ಓಡಿಸಿದರೆ ಕ್ಲೇಮ್ ಕೈಬಿಟ್ಟು ಹೋಗುತ್ತದೆ. ಕುಡಿದು ಓಡಿಸಿದರಂತೂ ಹೇಳಬೇಕಾಗಿಯೇ ಇಲ್ಲ.

ಅಷ್ಟರಲ್ಲಿ ಹುಡುಗಿಯ ತಾಯಿ ಹೂ ಬಿಡಿಸುವ ಬುಟ್ಟಿ ಹಿಡಿದು ಅಲ್ಲಿಗೇ ಬಂದರು. "ಸಾರ್, ನಮ್ಮ ತಮ್ಮನ ಮಗ ಅಮೆರಿಕಾದಲ್ಲಿ ಲೈಸೆನ್ಸ್ ತಗೊಂಡ ಕೂಡಲೇ ಅವರ ಮನೆ ಇನ್ಶೂರೆನ್ಸ್ ಸಿಕ್ಕಾಪಟ್ಟೆ ಏರಿಬಿಡ್ತಂತೆ. ಇವಳದ್ದೂ ಹಾಗೇನಾ? ಚಿಕ್ಕ ವಯಸ್ಸು ಅಂತ?"

ಅಲ್ಲಿ ಹಾಗೆಯೇ. ಹದಿನಾರು, ಹದಿನೇಳರ ಹುಡುಗರು ಸ್ಟಿಯರಿಂಗ್ ಹಿಡಿದರೆ ಅಪಘಾತದ ಸಂಭವ ಹೆಚ್ಚು ಅಂತ ಪ್ರೀಮಿಯಂ ಏರಿಸುತ್ತಾರೆ. ಬ್ರಿಟನ್ನಿನಲ್ಲಿ ಕಾರಿನೊಳಗೆ ಒಂದು ಪೆಟ್ಟಿಗೆ ಇಟ್ಟು, ಹುಡುಗ ಎಷ್ಟು ಜೋರಾಗಿ ಓಡಿಸುತ್ತಾನೆ, ಹೇಗೆ ಬ್ರೇಕ್ ಹಾಕುತ್ತಾನೆ ನೋಡಿ ದರ ಹಾಕುವುದೂ ಇದೆ. ಹುಡುಗಿಯರು ಹುಷಾರಾಗಿ ಓಡಿಸುತ್ತಾರೆ ಅಂತ ಅಲ್ಲಿ ಅವರಿಗೆ ಕಡಿಮೆ ದರ ಇತ್ತು. ಗಂಡು ಹೆಣ್ಣು ಅಂತ ಭೇದ ಮಾಡುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ ಹೇಳಿದ ಮೇಲೆ 2012ರ ಕೊನೆಗೆ ಅದು ನಿಂತಿತು.

ನಮ್ಮಲ್ಲಿ ಮೊದಲಿನಿಂದಲೂ ದರ ಹಾಕುವುದು ಗಾಡಿ ನೋಡಿ, ಓಡಿಸುವವರ ವಯಸ್ಸು ನೋಡಿ ಅಲ್ಲ. ಎಷ್ಟು ಸಿಸಿ, ಎಷ್ಟು ಬೆಲೆ, ಎಷ್ಟು ಹಳೆಯದು, ಎಲ್ಲಿ ರಿಜಿಸ್ಟ್ರೇಷನ್. 2002ರ ಮೋಟಾರ್ ಟ್ಯಾರಿಫ್ ದೇಶವನ್ನು ಎರಡು ವಲಯ ಮಾಡಿತ್ತು. ಬೆಂಗಳೂರು, ಚೆನ್ನೈ, ಮುಂಬಯಿ, ದೆಹಲಿಯಂಥ ಎಂಟು ಊರುಗಳು ಎ ವಲಯ, ಉಳಿದದ್ದೆಲ್ಲ ಬಿ. ಹಾಗಾಗಿ ಕೆಎ 09 ಅಥವಾ ಕೆಎ 55 ಅಂತ ಮೈಸೂರಿನಲ್ಲಿ ನೋಂದಾಯಿಸಿದ ಕಾರಿಗೆ ಬೆಂಗಳೂರಿನದಕ್ಕಿಂತ ಸ್ವಲ್ಪ ಕಡಿಮೆ ದರ. 2007ರ ಜನವರಿಯಿಂದ ಓನ್ ಡ್ಯಾಮೇಜಿನ ದರವನ್ನು ಕಂಪನಿಗಳ ಕೈಗೆ ಬಿಟ್ಟರು. ಹಾಗಾಗಿ ವಯಸ್ಸು, ಓಡಿಸುವ ರೀತಿ ನೋಡಿ ಕಂಪನಿ ದರ ಹಾಕುವುದಕ್ಕೂ ಈಗ ಅವಕಾಶ ಉಂಟು. ಎಷ್ಟು ಕಿಲೋಮೀಟರ್ ಓಡಿಸುತ್ತೀರೋ ಅದಕ್ಕೆ ತಕ್ಕ ಹಾಗೆ ಕಟ್ಟುವ ಏರ್ಪಾಡಿಗೆ ವಿಮಾ ಪ್ರಾಧಿಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಮನೆಗೂ ಆಫೀಸಿಗೂ ಮಾತ್ರ ಓಡಾಡುವವರು ಅದನ್ನು ಕೇಳಿ ನೋಡಬೇಕು.

ತಾಯಿಯ ಇನ್ನೊಂದು ಯೋಚನೆ ಬಹಳ ಮನೆಗಳಲ್ಲಿ ಬರುವಂಥದ್ದು. "ಹಾಗಾದ್ರೆ ಇವರಪ್ಪನ ಹೆಸರಲ್ಲೇ ತಗೋಬಹುದಲ್ವಾ ಸಾರ್? ಹಳೇ ಕಾರು ಕೊಟ್ಟಾಗ ಬೋನಸ್ ಇದೆ ಅಂತ ಕಾಗದ ಕೊಟ್ಟಿದಾರೆ."

ನೋ ಕ್ಲೇಮ್ ಬೋನಸ್ ಅಂದರೆ ಕ್ಲೇಮ್ ಮಾಡದೆ ವರ್ಷ ಕಳೆದವರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ಕಡಿತ. ಮೊದಲ ವರ್ಷಕ್ಕೆ ಶೇಕಡಾ 20, ಆಮೇಲೆ 25, 35, 45, ಐದು ವರ್ಷಕ್ಕೆ 50. ಅದು ಕಾರಿಗೆ ಅಂಟಿದ್ದಲ್ಲ, ಮಾಲೀಕರಿಗೆ ಅಂಟಿದ್ದು. ಅಪ್ಪ ಬದುಕಿರುವಾಗ ಅವರ ಬೋನಸ್ ಮಗಳ ಹೆಸರಿಗೆ ಬರುವುದಿಲ್ಲ. ಅವಳದೇ ಸ್ಕೂಟರಿನ ಬೋನಸ್ಸೂ ಕಾರಿಗೆ ಬರುವುದಿಲ್ಲ, ಜಾತಿ ಬೇರೆ. ಅಪ್ಪನ ಹೆಸರಿನಲ್ಲಿ ಕಾರು ತೆಗೆದರೆ ಈ ವರ್ಷ ಒಂದಿಷ್ಟು ಸಾವಿರ ಉಳಿಯುವುದು ನಿಜ.

"ಆದರೆ ನೋಡೀಮ್ಮ" ಅಂದೆ, "ಈ ಹಾಳೆಯಲ್ಲಿ ಪಿಎ ಓನರ್ ಡ್ರೈವರ್ ಅಂತ ಒಂದು ಸಾಲಿದೆ, 15 ಲಕ್ಷ. ವರ್ಷಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಕಾರಿನ ಮಾಲೀಕರೇ ಓಡಿಸುವಾಗ ಅವರಿಗೇ ಏನಾದರೂ ಆದರೆ ಬರೋ ಹಣ ಇದು. ಸಾವಾದರೆ ಪೂರ್ತಿ, ಎರಡು ಕೈಯೋ ಕಾಲೋ ಹೋದರೂ ಪೂರ್ತಿ, ಒಂದು ಹೋದರೆ ಅರ್ಧ. ಆರ್‌ಸಿ ಯಜಮಾನರ ಹೆಸರಿನಲ್ಲಿದ್ದು ದಿನಾ ಓಡಿಸೋದು ಮಗಳಾದರೆ, ಈ ಹದಿನೈದು ಲಕ್ಷ ಅವಳಿಗಿಲ್ಲ."

ಅವರು ಬುಟ್ಟಿಯನ್ನು ಗೋಡೆಯ ಮೇಲಿಟ್ಟು ಸುಮ್ಮನಾದರು. ಕಾರು ಯಾರು ಓಡಿಸುತ್ತಾರೋ, ಸಾಲ ಯಾರು ತೀರಿಸುತ್ತಾರೋ ಅವರ ಹೆಸರಿನಲ್ಲೇ ಇರಲಿ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಬೋನಸ್ಸು ಇವತ್ತಲ್ಲ ನಾಳೆ ಅವಳೇ ಗಳಿಸುತ್ತಾಳೆ. ಬೇರೆ ಕಡೆ ಅಷ್ಟೇ ಮೊತ್ತದ ಅಪಘಾತ ವಿಮೆ ಇದ್ದವರಿಗೆ ಮಾತ್ರ ಈ ಸಾಲನ್ನು ಬಿಡುವುದಕ್ಕೆ ಅವಕಾಶ ಇದೆ. ದುಡ್ಡು ಉಳಿಸಲು ಮೊದಲು ಹೊಡೆದುಹಾಕುವುದು ಇದನ್ನೇ, ನೋಡಿದರೆ ಸಂಕಟವಾಗುತ್ತದೆ.

ಇನ್ನು ಕಾರಿನಲ್ಲಿ ಕೂರುವ ಗೆಳೆಯರು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಖಾಸಗಿ ಕಾರಿನೊಳಗೆ ಕುಳಿತವರಿಗೆ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಓನ್ ಡ್ಯಾಮೇಜೂ ಸೇರಿದ ಪ್ಯಾಕೇಜ್ ಪಾಲಿಸಿಯಲ್ಲಿ ಅವರೂ ಒಳಗೊಳ್ಳುತ್ತಾರೆ ಎಂದು ವಿಮಾ ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿತು. ನಾಲ್ಕು ಜನರನ್ನು ಕೂರಿಸಿಕೊಂಡು ಮಡಿಕೇರಿ ಘಾಟಿ ಹತ್ತುವವರು ಇದನ್ನು ತಿಳಿದಿರಬೇಕು.

ಇಷ್ಟಾದ ಮೇಲೆ ಓನ್ ಡ್ಯಾಮೇಜ್ ಕಡೆಗೆ ಬಂದೆವು. ಇಲ್ಲಿ ಮೊದಲು ನೋಡಬೇಕಾದದ್ದು ಐಡಿವಿ. ಕಾರು ಪೂರ್ತಿ ಹೋದರೆ, ಕಳುವಾದರೆ, ಕಂಪನಿ ಕೊಡುವ ಗರಿಷ್ಠ ಮೊತ್ತ ಅದು. ಕಾರ್ಖಾನೆಯವರ ಬೆಲೆಯಲ್ಲಿ ಹೊಸದಕ್ಕೆ ಶೇಕಡಾ 5 ಕಳೆದು, ಎರಡನೇ ವರ್ಷದಲ್ಲಿ 20, ಮೂರನೆಯದರಲ್ಲಿ 30, ಹೀಗೆ ಇಳಿಸುತ್ತಾ ಬರುತ್ತಾರೆ. 8 ಲಕ್ಷದ ಕಾರಿಗೆ ಮೊದಲ ದಿನದ ಐಡಿವಿ 7,60,000. ನವೀಕರಣದ ಸಮಯದಲ್ಲಿ ಪ್ರೀಮಿಯಂ ಕಡಿಮೆ ತೋರಿಸಬೇಕು ಅಂತ ಇದನ್ನು ಸದ್ದಿಲ್ಲದೆ ಕೆಳಗಿಳಿಸುವವರಿದ್ದಾರೆ. ಎರಡು ಕೊಟೇಶನ್ ಪಕ್ಕಪಕ್ಕ ಇಟ್ಟು ನೋಡುವಾಗ ಐಡಿವಿ ಒಂದೇ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಪ್ರೀಮಿಯಂ ಹೋಲಿಸಿ. ರಿಪೇರಿ ಖರ್ಚು ಐಡಿವಿಯ ಶೇಕಡಾ 75 ದಾಟಿತೆಂದರೆ ಕಾರು ಪೂರ್ತಿ ಹೋಯಿತೆಂದೇ ಲೆಕ್ಕ. ಆಗ ಹಣ ಮೊದಲು ಹೋಗುವುದು ಸಾಲ ಕೊಟ್ಟ ಬ್ಯಾಂಕಿಗೆ. ಕಳುವಾದರೆ ಎರಡೂ ಕೀ ಕೇಳುತ್ತಾರೆ, ಒಂದನ್ನು ಕಳೆದುಕೊಂಡಿದ್ದೀರಾದರೆ ಆ ದಿನವೇ ದೂರು ಕೊಟ್ಟಿಡಿ.

"ಝೀರೋ ಡೆಪ್ ಬೇಕಾ ಅಂಕಲ್?"

"ನಿನಗೆ ಬೇಕು. ಕಾರು ಕೈಗೆ ಕೂರುವವರೆಗೆ ಗೇಟಿಗೆ, ಕಂಬಕ್ಕೆ ತಾಗಿಸೋದು ಇದ್ದದ್ದೇ."

ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಂಪನಿ ಅರ್ಧ ಬೆಲೆಯನ್ನಷ್ಟೇ ಕೊಡುತ್ತದೆ. ಈಗಿನ ಕಾರುಗಳ ಮುಂಭಾಗ, ಹಿಂಭಾಗ ಎಲ್ಲ ಪ್ಲಾಸ್ಟಿಕ್ಕೇ. 12,000 ರೂಪಾಯಿಯ ಬಂಪರ್ ಹೋದರೆ 6,000 ನಿಮ್ಮ ಕೈಯಿಂದ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ಅದರ ಮೇಲೆ. ಝೀರೋ ಡೆಪ್ ಇದ್ದರೆ ಆ ಸಾವಿರ ಮಾತ್ರ ನಿಮ್ಮದು. ಹಾಗಂತ ಸಣ್ಣಪುಟ್ಟ ಗೀರಿಗೆಲ್ಲ ಕ್ಲೇಮ್ ಹಾಕಬೇಡಿ. ಮೂರು ಸಾವಿರದ ಪೇಂಟಿಂಗಿಗೆ ಹೋಗಿ ಮುಂದಿನ ವರ್ಷದ ಬೋನಸ್ ಕಳೆದುಕೊಂಡು, ಅಷ್ಟೇ ದುಡ್ಡು ಪ್ರೀಮಿಯಂನಲ್ಲಿ ವಾಪಸ್ ಕಟ್ಟಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಎಂಜಿನ್ ಪ್ರೊಟೆಕ್ಷನ್ ಬಗ್ಗೆ ಹುಡುಗಿಗೆ ಅನುಮಾನವಿತ್ತು. ಮೈಸೂರಿಗೆ ಯಾಕೆ ಅಂತ. ಬೆಂಗಳೂರಿಗೆ ಹೋಗಿ ಬರುವುದು ಇದ್ದೇ ಇದೆಯಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಔಟರ್ ರಿಂಗ್ ರೋಡು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಬೇಸ್‌ಮೆಂಟಿನ ಕಾರುಗಳು ಮುಳುಗಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ನೀರು ನುಗ್ಗಿ ಸೀಟು, ವೈರಿಂಗ್ ಹಾಳಾದರೆ ಸಾಮಾನ್ಯ ಪಾಲಿಸಿಯೇ ಕೊಡುತ್ತದೆ. ಆದರೆ ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಏರ್ ಫಿಲ್ಟರ್ ದಾರಿಯಲ್ಲಿ ನೀರು ಸಿಲಿಂಡರಿಗೆ ಹೋಗುತ್ತದೆ. ಗಾಳಿಯಾದರೆ ಅದುಮಿಕೊಳ್ಳುತ್ತದೆ, ನೀರು ಅದುಮಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೆ ಬಂದ ರಭಸಕ್ಕೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಎಂಜಿನ್ ಹೋಯಿತು. ಇದು ಮಳೆ ಮಾಡಿದ್ದಲ್ಲ, ನೀವು ಕೀ ತಿರುಗಿಸಿದ್ದರಿಂದ ಆದದ್ದು ಅಂತ ಕಂಪನಿ ನಿರಾಕರಿಸುತ್ತದೆ. ಆ ಖರ್ಚಿಗೆ ಈ ಆಡ್ ಆನ್. ನಿಂತ ನೀರಿನಲ್ಲಿ ಕಾರು ಆಫ್ ಆದರೆ ಮತ್ತೆ ಕೀ ಮುಟ್ಟದೆ ಇಳಿದು ಬರುವುದು, ಟೋಯಿಂಗಿಗೆ ಹೇಳುವುದು, ಇದಕ್ಕಂತೂ ಯಾವ ಪ್ರೀಮಿಯಮ್ಮೂ ಬೇಡ.

ಎರಡನೇ ವರ್ಷ ಓನ್ ಡ್ಯಾಮೇಜ್ ಬಿಟ್ಟುಬಿಡುವ ಆಸೆ ಬಂದವರಿಗೆ 2019ರ ಫೆಬ್ರುವರಿ 23 ನೆನಪಿರಲಿ. ಯಲಹಂಕದ ಏರೋ ಇಂಡಿಯಾ ನೋಡಲು ಹೋದವರು ಮೈದಾನದಲ್ಲಿ ನಿಲ್ಲಿಸಿದ್ದ ಮುನ್ನೂರರ ಹತ್ತಿರ ಕಾರುಗಳು ಬೆಂಕಿಗೆ ಸಿಕ್ಕು ಅಸ್ಥಿಪಂಜರವಾದವು. ಅವರಲ್ಲಿ ಯಾರದೂ ಡ್ರೈವಿಂಗ್ ತಪ್ಪಲ್ಲ. ಪಾರ್ಕ್ ಮಾಡಿ ವಿಮಾನ ನೋಡುತ್ತಿದ್ದರು. ಬೆಂಕಿ ಓನ್ ಡ್ಯಾಮೇಜಿನ ಪಾಲು, ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಮೊದಲ ಕಾರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವ ಹುಡುಗರಿಗೂ ಒಂದು ಮಾತು. ಕಾರಿನ ಜತೆಗೆ ಥರ್ಡ್ ಪಾರ್ಟಿ ತಾನಾಗಿ ಹೊಸ ಮಾಲೀಕರಿಗೆ ಬರುತ್ತದೆ, ಓನ್ ಡ್ಯಾಮೇಜ್ ಬರುವುದಿಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಹಳೆಯ ಮಾಲೀಕರ ಬೋನಸ್ ಅವರ ಜತೆಗೇ ಹೋಗುತ್ತದೆ. ಮಾರಿದವರೂ ಹುಷಾರಾಗಿರಬೇಕು, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರು ಕೈಬಿಟ್ಟರೂ ಹೆಸರು ಬಿಡದಿದ್ದರೆ ಹೊಣೆ ಬಿಡುವುದಿಲ್ಲ.

ಶೋರೂಮಿನಲ್ಲೇ ಪಾಲಿಸಿ ಮಾಡಿಸಬೇಕು ಅನ್ನುವ ಕಾನೂನಿಲ್ಲ. ನ್ಯೂ ಇಂಡಿಯಾ, ಓರಿಯೆಂಟಲ್, ನ್ಯಾಷನಲ್, ಯುನೈಟೆಡ್ ಇಂಡಿಯಾ ಅಂತ ಸರ್ಕಾರದ್ದೇ ನಾಲ್ಕು ಕಂಪನಿಗಳಿವೆ, ಖಾಸಗಿಯವು ಬೇಕಾದಷ್ಟಿವೆ. ಎರಡು ಮೂರು ಕಡೆ ಅದೇ ಐಡಿವಿ, ಅದೇ ಆಡ್ ಆನ್ ಇಟ್ಟು ಕೇಳಿ ಅಂದೆ. ಹುಡುಗಿ ಅಲ್ಲೇ ಫೋನ್ ತೆಗೆದು ನೋಡಿದಳು. ಟಯರ್ ಕವರ್, ಕೀ ಕವರ್, ಸಾಮಾನಿನ ಕವರ್ ಅಂತ ಇದ್ದ ಮೂರು ಸಾಲುಗಳ ಮೇಲೆ ಪೆನ್ನು ಓಡಿಸಿದಳು, ಪಿಎ ಸಾಲಿನ ಪಕ್ಕದಲ್ಲಿ ಗುರುತು ಹಾಕಿಕೊಂಡಳು. ಓನ್ ಡ್ಯಾಮೇಜ್ ಮುಗಿಯುವ ತಾರೀಖನ್ನು ಫೋನಿನಲ್ಲಿ ಹಾಕಿಡು, ಮುಗಿದು 90 ದಿನ ದಾಟಿದರೆ ಗಳಿಸಿದ ಬೋನಸ್ಸೂ ಹೋಗುತ್ತದೆ ಎಂದೆ.

ಹೊರಡುವ ಮೊದಲು ಅವಳು ಕೇಳಿದ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. "ನಿಜವಾಗಲೂ ಯಾರಿಗಾದರೂ ತಾಗಿಬಿಟ್ರೆ? ಜನ ಸೇರಿ ಹೊಡೀತಾರೆ ಅಂತ ಭಯ ಆಗುತ್ತೆ ಅಂಕಲ್."

ಆ ಭಯ ಕಾಯ್ದೆ ಬರೆದವರಿಗೂ ಗೊತ್ತಿತ್ತು. 134ನೇ ಕಲಂ ಪ್ರಕಾರ ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು ಓಡಿಸಿದವರ ಕರ್ತವ್ಯ. ರೊಚ್ಚಿಗೆದ್ದ ಜನರಿಂದಾಗಿ ಅದು ಸಾಧ್ಯವಾಗದ ಸಂದರ್ಭವನ್ನು ಕಾಯ್ದೆಯೇ ಹೊರತುಪಡಿಸಿದೆ. ಅಲ್ಲಿ ನಿಲ್ಲಲು ಆಗದಿದ್ದರೆ ಹತ್ತಿರದ ಸ್ಟೇಷನ್ನಿಗೆ ಹೋಗಿ ಹೇಳಬೇಕು, ತಡವೆಂದರೆ 24 ಗಂಟೆಯೊಳಗೆ. ಕಂಪನಿಗೂ ಬರೆದು ತಿಳಿಸಬೇಕು. ಆಸ್ಪತ್ರೆಯ ಖರ್ಚಿಗೂ ಈಗ ದಾರಿಯಿದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಯಲ್ಲಿದೆ.

"ನಿಲ್ಲಿಸು, 108ಕ್ಕೆ ಫೋನ್ ಮಾಡು, 112ಕ್ಕೆ ಮಾಡು. ಹೆದರಿ ಓಡಿಹೋಗಿ, ನಿನ್ನ ಗಾಡಿ ನಂಬರು ಯಾರಿಗೂ ಸಿಗಲಿಲ್ಲ ಅಂತ ಇಟ್ಟುಕೋ. ಆಗ ಆ ಗಾರೆ ಕೆಲಸದವನ ಮನೆಗೆ ಹಿಟ್ ಅಂಡ್ ರನ್ ಯೋಜನೆಯಲ್ಲಿ ಬರೋದು 2 ಲಕ್ಷ. ನೀನು ನಿಂತು ಹೆಸರು ಹೇಳಿದರೆ ಅದೇ ಮನೆಗೆ 32 ಲಕ್ಷ. ಅದಕ್ಕೆ ದುಡ್ಡು ನೀನು ಶೋರೂಮಿನಲ್ಲೇ ಕಟ್ಟಿರ್ತೀಯ" ಅಂದೆ.